ಪೆಟ್ಟಿಗೆ ಹಳೆಯದು, ಒಳಗಿದ್ದ ತ್ಸುಬಾ ಅಲ್ಲ

ನನ್ನ ಮೇಜಿನ ಮೇಲೆ ಒಂದು ಕಬ್ಬಿಣದ ಬಿಲ್ಲೆ ಇದೆ. ಕರೆಂಟ್ ಬಿಲ್ಲು, ಮಗಳ ಶಾಲೆಯ ಚೀಟಿಗಳು ಫ್ಯಾನಿನ ಗಾಳಿಗೆ ಹಾರದಿರಲಿ ಅಂತ ಅವುಗಳ ಮೇಲೆ ಇಟ್ಟಿರುತ್ತೇನೆ. ಅದಕ್ಕೆ ನಾನು ಕೊಟ್ಟಿದ್ದು 1,80,000 ಯೆನ್. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಯ ಆಸುಪಾಸು. ಟೋಕಿಯೋದಲ್ಲಿರುವ ನಮ್ಮವರೇ ಇಬ್ಬರು ಮೂವರು ಇತ್ತೀಚೆಗೆ "ಜಪಾನಿನ ಹಳೇ ಕತ್ತಿ ಸಾಮಾನು ಎಲ್ಲಿ ಸಿಗುತ್ತೆ?" ಅಂತ ನನ್ನನ್ನು ಕೇಳಿದರು. ಎಲ್ಲಿ ಸಿಗುತ್ತೆ ಅಂತ ಹೇಳುವ ಮೊದಲು ನನಗೆ ಏನಾಯಿತು ಅಂತ ಹೇಳಿಬಿಡುತ್ತೇನೆ.

ಆ ಬಿಲ್ಲೆಯ ಹೆಸರು ತ್ಸುಬಾ. ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಕೂರುತ್ತದೆ. ಅಂಗೈ ಅಗಲ. ನಡುವೆ ಅಲಗಿನ ಬುಡ ತೂರುವ ಕಂಡಿ, ಪಕ್ಕದಲ್ಲಿ ಸಣ್ಣ ಚಾಕಿನಂಥವು ತೂರಲು ಒಂದೋ ಎರಡೋ ಚಿಕ್ಕ ಕಂಡಿ. ಇಷ್ಟರ ಮೇಲೆ ಆ ಜನ ಕೊಕ್ಕರೆ, ಮಳೆ, ಬಿದಿರು, ಅಲೆ ಎಲ್ಲ ಕೆತ್ತಿದ್ದಾರೆ.

ಕತ್ತಿ ಬಿಟ್ಟು ತ್ಸುಬಾಕ್ಕೆ ಬಿದ್ದಿದ್ದಕ್ಕೆ ಕಾರಣ ಇದೆ. ಜಪಾನಿನಲ್ಲಿ 1958ರ ಕಾನೂನಿನ ಪ್ರಕಾರ ಪ್ರತಿ ಹಳೆಯ ಕತ್ತಿಗೂ ನೋಂದಣಿ ಚೀಟಿ ಇರಬೇಕು. ಉದ್ದ, ಬಾಗು, ಬುಡದಲ್ಲಿರುವ ತೂತುಗಳ ಸಂಖ್ಯೆ, ಕೆತ್ತಿದ ಹೆಸರು ಎಲ್ಲ ಅದರಲ್ಲಿರುತ್ತದೆ. ಕೈ ಬದಲಾದರೆ 20 ದಿನದೊಳಗೆ ಆ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ತಿಳಿಸಬೇಕು. ಹೌದು, ಪೊಲೀಸರಿಗಲ್ಲ, ಶಿಕ್ಷಣ ಮಂಡಳಿಗೆ. ಕತ್ತಿಯನ್ನು ಅಲ್ಲಿ ಕಲಾವಸ್ತು ಅಂತ ನೋಡುತ್ತಾರೆ, ಅದಕ್ಕೇ. ದೇಶದಿಂದ ಹೊರಗೆ ಒಯ್ಯಬೇಕಾದರೆ ಸಂಸ್ಕೃತಿ ಇಲಾಖೆಯ ಪ್ರಮಾಣಪತ್ರ ಬೇರೆ. ಇನ್ನು ಊರಿಗೆ ತಂದರೆ, 9 ಇಂಚಿಗಿಂತ ಉದ್ದದ ಅಲಗು ನಮ್ಮ ಶಸ್ತ್ರಾಸ್ತ್ರ ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಇಷ್ಟೆಲ್ಲ ತಲೆನೋವು ಯಾರಿಗೆ ಬೇಕು? ಬರೀ ತ್ಸುಬಾಕ್ಕೆ ನೋಂದಣಿ ಚೀಟಿಯ ಗೋಜಿಲ್ಲ. ಜೇಬಿನಲ್ಲಿ ಹಿಡಿಸುತ್ತದೆ. ಕಾಗದದ ಕಾಟ ಇಲ್ಲದ್ದೇ ನನಗೆ ಮುಳುವಾಯಿತು ಅಂತ ಆಮೇಲೆ ಗೊತ್ತಾಯಿತು.

ರ್‍ಯೋಗೊಕು ಅಂತ ಟೋಕಿಯೋದ ಒಂದು ಭಾಗ, ಅಲ್ಲಿ ಕತ್ತಿಗಳ ಮ್ಯೂಸಿಯಂ ಇದೆ. 2018ರಲ್ಲಿ ಯೊಯೊಗಿಯಿಂದ ಅಲ್ಲಿಗೆ ಬಂತು. ಒಂದು ಭಾನುವಾರ ಸುಮ್ನೆ ಹೋದವನು ಗಾಜಿನ ಹಿಂದಿನ ಕಪ್ಪು ಕಬ್ಬಿಣ ನೋಡುತ್ತಾ ನಿಂತುಬಿಟ್ಟೆ. ಆಮೇಲೆ ದೇವಸ್ಥಾನದ ಅಂಗಳಗಳಲ್ಲಿ ನಡೆಯುವ ಹಳೇ ಸಾಮಾನಿನ ಸಂತೆ ಸುತ್ತಿದೆ. ಎಂಟು ಸಾವಿರ, ಹದಿನೈದು ಸಾವಿರ ಯೆನ್‌ನ ಸಣ್ಣಪುಟ್ಟ ತುಣುಕು ಕೊಂಡೆ. ಎರಡು ವರ್ಷ ಹೀಗೆ ಕಳೆಯಿತು. ನಾಲ್ಕು ಜಪಾನಿ ಪದ ಬಾಯಿಗೆ ಬಂದವು. ಎಲ್ಲ ಗೊತ್ತಾಯಿತು ಅನ್ನಿಸಿತು.

ಆ ವ್ಯಾಪಾರಿ ಸಿಕ್ಕಿದ್ದು ಅಂಥದೇ ಒಂದು ಸಂತೆಯಲ್ಲಿ. ವಯಸ್ಸಾದವರು, ತುಂಬಾ ಮರ್ಯಾದಸ್ಥರು. ಮೂರನೇ ಸಲ ಹೋದಾಗ ಮೇಜಿನ ಕೆಳಗಿನಿಂದ ಒಂದು ಮರದ ಪೆಟ್ಟಿಗೆ ತೆಗೆದರು. ಹಗುರವಾದ ಕಿರಿ ಮರ, ಅಂಚೆಲ್ಲ ಕಂದಿತ್ತು. ಮುಚ್ಚಳದ ಮೇಲೆ ಕುಂಚದಲ್ಲಿ ಬರೆದ ಅಕ್ಷರ. ಇಂಥ ಬರಹಕ್ಕೆ ಹಕೊಗಾಕಿ ಅನ್ನುತ್ತಾರೆ. ಒಳಗಿರುವುದು ಏನು, ಯಾರ ಕೆಲಸ ಅಂತ ತಿಳಿದವರೊಬ್ಬರು ಬರೆದು ಮುದ್ರೆ ಒತ್ತುವ ಪದ್ಧತಿ. ಅದರಲ್ಲಿ ಇದ್ದದ್ದು: ಕಬ್ಬಿಣ, ಆಮೆ ಚಿಪ್ಪಿನ ಗೆರೆ, ಹೆಸರು ನೊಬುಯೆ.

ನೊಬುಯೆ ಅಂದರೆ 16ನೇ ಶತಮಾನದ ಹೆಸರು. ತ್ಸುಬಾ ಮಾಡಿದವರಲ್ಲಿ ಅವನಷ್ಟು ಪ್ರಸಿದ್ಧರು ಕಡಿಮೆ. ಆಮೆ ಚಿಪ್ಪಿನ ಆರು ಮೂಲೆಯ ಗೆರೆಗಳು ಅವನ ಗುರುತು. ಅವನಷ್ಟು ನಕಲಾದವರೂ ಕಡಿಮೆಯೇ. ಈ ಮಾತು ನಾನು ಪುಸ್ತಕದಲ್ಲಿ ಓದಿದ್ದೆ. ಓದಿಯೂ ಕೊಂಡೆ.

ಸುಳ್ಳು ಹೆಸರು ಕೆತ್ತುವುದು ಅಲ್ಲಿ ಹೊಸ ವಿದ್ಯೆ ಏನಲ್ಲ. ಅದಕ್ಕೆ ಗಿಮೇಯ್ ಅಂತ ಬೇರೆಯೇ ಪದ ಇದೆ. ಕೊತೆತ್ಸು ಅಂತ 17ನೇ ಶತಮಾನದ ಕತ್ತಿ ಕಮ್ಮಾರ. ಅವನ ಹೆಸರಿನ ಕತ್ತಿ ಕಂಡರೆ ಮೊದಲು ಸುಳ್ಳು ಅಂತಲೇ ತಿಳಿ ಅಂತ ಗಾದೆಯ ಹಾಗೆ ಹೇಳುತ್ತಾರೆ. ಅಂಥ ಊರಿನಲ್ಲಿ, ಲಕ್ಷ ರೂಪಾಯಿಗೆ ನೊಬುಯೆ! ನಿಜವಾದದ್ದು ಆ ದರಕ್ಕೆ ಕನಸಿನಲ್ಲೂ ಸಿಗುವುದಿಲ್ಲ. "ಇವರಿಗೆ ದುಡ್ಡಿನ ಅವಸರ ಇರಬೇಕು, ನನ್ನ ಅದೃಷ್ಟ" ಅಂದುಕೊಂಡೆ. ಆಸೆ ಬಂದಾಗ ಮನಸ್ಸು ತಾನೇ ವಕೀಲ ಆಗಿಬಿಡುತ್ತೆ ನೋಡಿ.

ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ. ಪೆಟ್ಟಿಗೆಯೊಳಗೆ ಒಂದು ಮೆತ್ತೆ ಇತ್ತು. ಅದರಲ್ಲಿ ತ್ಸುಬಾ ಕೂರಲು ತಗ್ಗು, ನಡುವೆ ಕಂಡಿಗೆ ಸಿಕ್ಕಿಸಲು ಒಂದು ಉಬ್ಬು. ಮನೆಗೆ ತಂದು ತೆಗೆದು ಇಡುವಾಗ ಆ ಉಬ್ಬು ನನ್ನ ತ್ಸುಬಾದ ಕಂಡಿಗೆ ಸರಿಯಾಗಿ ಹೋಗಲೇ ಇಲ್ಲ. ಸುತ್ತಲೂ ಎರಡು ಮೂರು ಮಿಲಿಮೀಟರ್ ಜಾಗ ಬೇರೆ. ಅಲ್ಲಾಡುತ್ತಿತ್ತು. ನಾನೇನು ಮಾಡಿದೆ ಗೊತ್ತಾ? ಹತ್ತಿ ತುರುಕಿದೆ.

ಆರು ತಿಂಗಳ ನಂತರ, ಕತ್ತಿ ಮತ್ತು ಅದರ ಸಾಮಾನು ನೋಡಿ ಕಲಿಯುವವರ ಒಂದು ಕೂಟಕ್ಕೆ ಹೆಮ್ಮೆಯಿಂದ ಒಯ್ದೆ. ಅಲ್ಲಿನ ಹಿರಿಯರೊಬ್ಬರು ಮುಚ್ಚಳದ ಬರಹ ಓದಿದರು. ತಲೆಯಾಡಿಸಿದರು. ತ್ಸುಬಾವನ್ನು ಕೈಗೆ ತೆಗೆದುಕೊಂಡರು. ಮೇಲ್ಮೈ ನೋಡಲೇ ಇಲ್ಲ. ಸೀದಾ ಕಂಡಿಗಳ ಒಳಗೋಡೆ ನೋಡಿದರು, ಭೂತಗನ್ನಡಿ ಹಿಡಿದು. ಆಮೇಲೆ ಬೆರಳ ತುದಿಯಲ್ಲಿ ತೂಗುಹಾಕಿ ಉಗುರಿನಿಂದ ತಟ್ಟಿದರು. ಟಪ್ ಅಂತ ಮೊಂಡು ಸದ್ದು. "ಇಮೊನೊ," ಅಂದರು. ಎರಕದ್ದು. ಅಷ್ಟೇ. ಇನ್ನೊಂದು ಮಾತಾಡಲಿಲ್ಲ, ನನ್ನ ಮುಖ ನೋಡಿ ಟೀ ತರಿಸಿದರು.

ಟೀ ಕುಡಿದ ಮೇಲೆ ನಾನೇ ಕೇಳಿ ತಿಳಿದುಕೊಂಡೆ. ಹಳೆಯ ಕಬ್ಬಿಣದ ತ್ಸುಬಾವನ್ನು ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಕಂಡಿಗಳನ್ನು ಉಳಿ, ಅರದಿಂದ ಬಿಡಿಸುತ್ತಿದ್ದರು. ಹಾಗಾಗಿ ಒಳಗೋಡೆಯಲ್ಲಿ ಅರದ ಗೀರು ಇರುತ್ತದೆ. ನನ್ನದರಲ್ಲಿ ಗೀರು ಇರಲಿಲ್ಲ. ಬದಲಿಗೆ ಗೋಡೆಯ ನಡುವೆ ಕೂದಲೆಳೆಯಂಥ ಒಂದು ಏಣು ಇತ್ತು, ಅಚ್ಚಿನ ಎರಡು ಭಾಗ ಕೂಡಿದ ಕಡೆ. ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ, ಗಾಳಿಗುಳ್ಳೆ ಒಡೆದದ್ದು. ಕೆತ್ತಿದ ಹೆಸರಿನ ಅಂಚು ಚೂಪಾಗಿರಬೇಕು, ಉಳಿ ಓಡಿದ ದಿಕ್ಕು ಕಾಣಬೇಕು. ನನ್ನದು ನಾಲ್ಕು ದಿನ ಬಳಸಿದ ಸೋಪಿನ ಮೇಲಿನ ಅಕ್ಷರದ ಹಾಗಿತ್ತು. ಕತ್ತಿಗೆ ಬಿಗಿಯಾಗಿ ಕೂರಲೆಂದು ಕಂಡಿಯ ತುದಿಗೆ ತಾಮ್ರದ ತುಣುಕು ಸೇರಿಸುವುದುಂಟು, ಉಳಿಯಿಂದ ಒತ್ತಿದ ಗುರುತೂ ಇರುವುದುಂಟು. ಅಂಥದೇನೂ ಇಲ್ಲ. ಅದು ಯಾವ ಕತ್ತಿಯನ್ನೂ ಕಂಡಿರಲಿಲ್ಲ.

ಸದ್ದನ್ನು ಮಾತ್ರ ಪೂರ್ತಿ ನಂಬಬೇಡಿ ಅಂತಲೂ ಅವರೇ ಹೇಳಿದರು. ಕಣ್ಣು ಹೇಳಿದ್ದಕ್ಕೆ ಅದೊಂದು ಸಾಕ್ಷಿ, ಅಷ್ಟೇ.

ನನಗೆ ಹಟ. ಜಪಾನಿನ ಕಲಾತ್ಮಕ ಕತ್ತಿಗಳ ಸಂರಕ್ಷಣಾ ಸಂಘ ಅಂತ 1948ರಲ್ಲಿ ಶುರುವಾದದ್ದಿದೆ, ಆ ಮ್ಯೂಸಿಯಂ ನಡೆಸುವವರು. ಅವರು ಪರೀಕ್ಷೆ ಮಾಡಿ ಹೊಝೋನ್, ತೊಕುಬೆತ್ಸು ಹೊಝೋನ್, ಜೂಯೋ, ತೊಕುಬೆತ್ಸು ಜೂಯೋ ಅಂತ ನಾಲ್ಕು ದರ್ಜೆಯ ಪತ್ರ ಕೊಡುತ್ತಾರೆ. ಅಲ್ಲಿಗೂ ಕೊಟ್ಟು ನೋಡಿದೆ. ಅತಿ ಕೆಳಗಿನ ದರ್ಜೆಗೂ ಪಾಸಾಗಲಿಲ್ಲ. ಶುಲ್ಕವೂ ಹೋಯಿತು. ಒಂದು ಮಾತು ನೆನಪಿಡಿ: ಈ ಪತ್ರದಲ್ಲಿ ವಸ್ತುವಿನ ಫೋಟೋ ಇರುತ್ತದೆ. ಕಂಡಿಯ ಆಕಾರ, ತುಕ್ಕಿನ ಕಲೆ ಎಲ್ಲ ಹೋಲಿಸಿ ನೋಡಬಹುದು. ಪೆಟ್ಟಿಗೆಯ ಬರಹಕ್ಕೆ ಫೋಟೋ ಎಲ್ಲಿಂದ ಬರಬೇಕು?

ವ್ಯಾಪಾರಿಗೆ ಫೋನ್ ಮಾಡಿದೆ. ಸಿಟ್ಟಾಗಲಿಲ್ಲ, ಒಂದು ಚೂರೂ ತಡವರಿಸಲಿಲ್ಲ. "ಮೇಯ್ ಇದೆ ಅಂತ ಹೇಳಿದ್ದೆ. ಇದೆಯಲ್ಲವೇ?" ಅಂದರು. ಮೇಯ್ ಅಂದರೆ ಕೆತ್ತಿದ ಹೆಸರು. ನಾನು ರಸೀದಿ ತೆಗೆದು ನೋಡಿದೆ. ಹೌದು, "ಕಬ್ಬಿಣದ ತ್ಸುಬಾ, ಮೇಯ್ ನೊಬುಯೆ, ಪೆಟ್ಟಿಗೆ ಸಮೇತ" ಅಂತಷ್ಟೇ ಇತ್ತು. ನೊಬುಯೆ ಮಾಡಿದ್ದು ಅಂತ ಎಲ್ಲೂ ಇಲ್ಲ. ಹೆಸರು ಕೆತ್ತಿದೆ ಅನ್ನುವುದಕ್ಕೆ ಝಾಯ್‌ಮೇಯ್ ಅನ್ನುತ್ತಾರೆ. ಆ ಹೆಸರು ನಿಜ ಅನ್ನುವುದಕ್ಕೆ ಬೇರೆ ಪದ, ಶೋಶಿನ್. ಮೊದಲನೆಯದನ್ನು ಕೇಳಿ ಎರಡನೆಯದು ಅಂದುಕೊಂಡವನು ನಾನು. ಆನ್‌ಲೈನ್ ಹರಾಜಿನಲ್ಲೂ ಇದೇ ಆಟ, ಜೊತೆಗೆ ಕೊನೆಯ ಸಾಲಿನಲ್ಲಿ "ದೂರು ಇಲ್ಲ, ವಾಪಸು ಇಲ್ಲ" ಅಂತ ಇರುತ್ತದೆ. ಆ ಸಾಲು ಕಂಡರೆ ಮುಂದೆ ಹೋಗಿ. ಒಳ್ಳೆಯ ಅಂಗಡಿಯವರು "ಪರೀಕ್ಷೆಯಲ್ಲಿ ಬಿದ್ದರೆ ದುಡ್ಡು ವಾಪಸು" ಅಂತ ಬರೆದು ಕೊಡುತ್ತಾರೆ. ನಾನೀಗ ಮೊದಲು ಕೇಳುವ ಪ್ರಶ್ನೆಯೇ ಅದು. ಕೇಳಿದ ಕೂಡಲೇ ಎಷ್ಟೋ ಜನ ಮಾತು ಬದಲಿಸುತ್ತಾರೆ.

ಈ ಗಲಾಟೆಯಲ್ಲೇ ಇನ್ನೊಂದು ಅನಾಹುತ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಅಮ್ಮ ಊರಿಂದ ಬಂದಿದ್ದರು. ಸಂತೆಯಲ್ಲಿ ಕೊಂಡ ಸಣ್ಣ ತುಣುಕುಗಳನ್ನು ಒಂದು ತಟ್ಟೆಯಲ್ಲಿ ಹರಡಿಟ್ಟಿದ್ದೆ. ಅದರಲ್ಲೊಂದು ಫುಚಿ, ಹಿಡಿಯ ಬಾಯಿಗೆ ಹಾಕುವ ಉಂಗುರದಂಥದ್ದು, ಶಕುದೊ ಲೋಹದ್ದು. ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿದರೆ ಶಕುದೊ. ಅದನ್ನು ಮೂಲಂಗಿ ರಸ ಸವರಿ, ತಾಮ್ರದ ಕಿಲುಬಿನಿಂದ ಮಾಡಿದ ದ್ರವದಲ್ಲಿ ಕುದಿಸುತ್ತಾರೆ. ಕಾಗೆಯ ರೆಕ್ಕೆಯಂಥ ನೀಲಿಗಪ್ಪು ಬರುತ್ತದೆ. ಆ ತೆಳು ಪೊರೆಯೇ ಅದರ ಬೆಲೆ. ಅಮ್ಮನ ಕಣ್ಣಿಗೆ ಅದು ಕರಿ ಹಿಡಿದ ತಾಮ್ರ. ನಾನು ಆಫೀಸಿಂದ ಬರುವಷ್ಟರಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಫಳಫಳ ಹೊಳೆಸಿ ಇಟ್ಟಿದ್ದರು. "ಎಷ್ಟು ಕೊಳೆಯಾಗಿತ್ತು ಕಣೋ," ಅಂದರು. ಕೂಟದ ಆ ಹಿರಿಯರಿಗೆ ತೋರಿಸಿದೆ. ನನ್ನ ಸಂಗ್ರಹದಲ್ಲಿ ಒಳ್ಳೆಯ ಕೆಲಸ ಅಂತ ಇದ್ದದ್ದು ಅದೊಂದೇ ಅಂತೆ. ಹನ್ನೆರಡು ಸಾವಿರ ಯೆನ್ ಕೊಟ್ಟಿದ್ದೆ. ಬಣ್ಣ ಮತ್ತೆ ಕಟ್ಟಿಸಬಹುದು, ಆದರೆ ಮೊದಲಿನ ಪೊರೆ ಬಾರದು. ಕಬ್ಬಿಣಕ್ಕೂ ಅಷ್ಟೇ, ತಂತಿ ಬ್ರಶ್ ಹಾಕಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಉಜ್ಜುತ್ತಿದ್ದರೆ ಸಾಕು.

ಎರಕದ ತ್ಸುಬಾವನ್ನು ಮಾರಲು ಮನಸ್ಸಾಗಲಿಲ್ಲ. ಏನಂತ ಹೇಳಿ ಮಾರಲಿ? ಖಾಲಿ ಪೆಟ್ಟಿಗೆ ಮಾತ್ರ ಯಾಕೆ ಇಟ್ಟುಕೊಳ್ಳಬೇಕು ಅಂತ ಒಂದು ಸಂತೆಗೆ ಒಯ್ದೆ. ಬೇರೆ ವ್ಯಾಪಾರಿ, ಬೇರೆ ಊರು. ಮುಚ್ಚಳ ತಿರುಗಿಸಿ ಬರಹ ನೋಡಿದವರು ಒಳಗೆ ಏನಿತ್ತು ಅಂತ ಕೇಳಲೇ ಇಲ್ಲ. ನಿಂತ ಕಾಲಲ್ಲೇ 20,000 ಯೆನ್ ಕೊಡುತ್ತೇನೆ ಅಂದರು. ಬರೀ ಪೆಟ್ಟಿಗೆಗೆ! ಅದರೊಳಗೆ ಮುಂದೆ ಏನು ಕೂರುತ್ತದೆ ಅಂತ ಆಗ ಹೊಳೆಯಿತು. ಕೊಡದೆ ವಾಪಸು ತಂದೆ.

ಮೊನ್ನೆ ಹತ್ತಿ ಎಲ್ಲ ಕಿತ್ತು ಆ ಮೆತ್ತೆಯ ತಗ್ಗನ್ನು ಸ್ಕೇಲ್ ಇಟ್ಟು ಅಳೆದೆ. ಎತ್ತರ 8.3 ಸೆಂಟಿಮೀಟರ್, ಅಗಲ 7.9. ಉಬ್ಬಿನ ಆಕಾರವನ್ನೂ ಕಾಗದದ ಮೇಲೆ ಬಿಡಿಸಿಕೊಂಡಿದ್ದೇನೆ. ಬರಹ ನಿಜವೇ ಆಗಿದ್ದರೆ ಆ ಅಳತೆಯ ಒಂದು ತ್ಸುಬಾ ಪೆಟ್ಟಿಗೆ ಇಲ್ಲದೆ ಎಲ್ಲೋ ಇದೆ. ಈಗ ಸಂತೆಗೆ ಹೋಗುವಾಗ ಜೇಬಿನಲ್ಲಿ ದುಡ್ಡು ಕಡಿಮೆ, ಆ ಕಾಗದ ಮಾತ್ರ ಇರುತ್ತದೆ.