ಗೋವಿನಜೋಳಕ್ಕೆ ಟ್ರೈಕೋ ಕಾರ್ಡ್: ಕೆಲವು ಮುಂಗಾರು ಬಳಸಿದ ಮೇಲೆ

ಹಾವೇರಿ ಕಡೆ ಗೋವಿನಜೋಳ ಬೆಳೆಯುವವರಿಗೆ ಎಲೆ, ಸುಳಿ ತಿನ್ನುವ ಫಾಲ್ ಸೈನಿಕ ಹುಳು ಹೊಸದಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡದ್ದು, ಇನ್ನೂ ಬಿಟ್ಟು ಹೋಗಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಕೆಲವು ವರ್ಷಗಳಿಂದ ಟ್ರೈಕೋ ಕಾರ್ಡ್ ಬಳಸುತ್ತಿದ್ದೇವೆ. ಔಷಧಿ ಹೊಡೆಯುವುದು ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿದೆ.

ಕಾರ್ಡ್ ಅಂದರೆ ಒಂದು ರಟ್ಟು. ಮೇಲೆ ಅಕ್ಕಿ ಪತಂಗದ ಮೊಟ್ಟೆ ಅಂಟಿಸಿರುತ್ತಾರೆ, ಸುಮಾರು 20,000. ಕೈ ಆಡಿಸಿದರೆ ಉಪ್ಪು ಕಾಗದದ ಹಾಗೆ ತರಿತರಿ. ಆ ಮೊಟ್ಟೆಗಳೊಳಗೆ ಬೆಳೆಯುವುದು ಟ್ರೈಕೋಗ್ರಾಮಾ ಎಂಬ ಕಣಜ ಕೀಟ. ಹೊರಬಂದಾಗ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ! ಅದು ಹೊಲದಲ್ಲಿ ಸೈನಿಕ ಹುಳುವಿನ ಪತಂಗ ಇಟ್ಟ ಮೊಟ್ಟೆ ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಕಪ್ಪಾಗುತ್ತದೆ, ಹುಳು ಹುಟ್ಟುವುದೇ ಇಲ್ಲ. ಜನಕ್ಕೆ, ದನಕ್ಕೆ, ಜೇನಿಗೆ ತೊಂದರೆಯಿಲ್ಲ. "ಅಕ್ಕಿ ಪತಂಗವೇ ಹೊಲ ತುಂಬಿಕೊಂಡರೆ?" ಅಂತ ನಮ್ಮ ಕಾಕಾ ಕೇಳಿದ್ದರು. ಆ ಭಯ ಬೇಡ. ಪತಂಗ ಹುಟ್ಟದಂತೆ ಮೊಟ್ಟೆಗಳನ್ನು ಮೊದಲೇ ಅತಿನೇರಳೆ ಬೆಳಕಿಗೆ ಒಡ್ಡಿರುತ್ತಾರೆ.

ಮುಖ್ಯವಾದದ್ದು ಹೊತ್ತು. ಸುಳಿಯಲ್ಲಿ ಲದ್ದಿ ಕಂಡ ಮೇಲೆ ಕಾರ್ಡ್ ತಂದರೆ ದುಡ್ಡು ದಂಡ. ಇದು ಮೊಟ್ಟೆಗೆ ಮಾತ್ರ, ಹುಳಕ್ಕಲ್ಲ. ನಾವು ಎಕರೆಗೆ ಐದು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ಕಟ್ಟುತ್ತೇವೆ. ಪತಂಗ ಬೀಳಲು ಶುರುವಾದ ಕೂಡಲೇ ಆರ್ಡರ್. ಶಿಫಾರಸು ಇರುವುದು ಎಕರೆಗೆ ವಾರಕ್ಕೆ 50,000 ಕಣಜ, ಅಂದರೆ ಎರಡೂವರೆ ಕಾರ್ಡ್. ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸಂಜೆ ತಂಪಿನಲ್ಲಿ ಎಲೆಯ ಅಡಿಗೆ ಪಿನ್ ಹೊಡೆಯಬೇಕು. ಇರುವೆ ಓಡಾಡುವ ಗಿಡ ಬೇಡ, ಮೊಟ್ಟೆ ತಿಂದುಬಿಡುತ್ತವೆ.

ಬೇಸರ ತಂದದ್ದು ಕೊರಿಯರ್. ಒಮ್ಮೆ ಲಕೋಟೆ ಬಿಚ್ಚಿದರೆ ಕಣಜಗಳು ಆಗಲೇ ಹೊರಬಂದು ಸತ್ತಿದ್ದವು. ಮಸೂರ ಹಿಡಿದು ನೋಡಿದರೆ ಮೊಟ್ಟೆಗಳಲ್ಲಿ ಬರೀ ತೂತು. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ಕಣಜ ಹೊರಬರುವ ತಾರೀಕು ಕೇಳದೆ ದಯವಿಟ್ಟು ಯಾರೂ ದುಡ್ಡು ಕಳಿಸಬೇಡಿ.

ಇನ್ನೊಂದು ಮಿತಿ. ಸೈನಿಕ ಹುಳುವಿನ ಪತಂಗ ಮೊಟ್ಟೆಗಳನ್ನು ಪದರ ಪದರವಾಗಿ ಇಟ್ಟು ಮೇಲೆ ರೋಮ ಮುಚ್ಚುತ್ತದೆ. ಅಡಿಯವು ಕಣಜಕ್ಕೆ ಸುಲಭವಾಗಿ ಸಿಗುವುದಿಲ್ಲ. ಹಾಗೆ ಉಳಿದ ಹುಳಕ್ಕೆ ಮೆಟಾರೈಜಿಯಂ ರಿಲೇಯಿ ಶಿಲೀಂಧ್ರ ಸಿಂಪಡಿಸುತ್ತೇವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಮೋಡ ಮುಸುಕಿದ ದಿನಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ. ಹುಳು ಎಲೆ ಮೇಲೇ ಸೆಟೆದು, ಬೆಳ್ಳಗಾಗಿ, ಆಮೇಲೆ ಹಸಿರು ಪುಡಿ ಮೆತ್ತಿಕೊಳ್ಳುತ್ತದೆ.

ಕಾರ್ಡ್ ಕಟ್ಟಿದ ವಾರ ಪಕ್ಕದ ಹೊಲದವರು ಔಷಧಿ ಹೊಡೆದರೆ ಕಣಜ ಉಳಿಯುವುದಿಲ್ಲ. ಮೊದಲೇ ಮಾತಾಡಿಕೊಳ್ಳಿ. ಸಾಧ್ಯವಾದರೆ ಅವರಿಗೂ ಸೇರಿಸಿಯೇ ಕಾರ್ಡ್ ತರಿಸಿ, ಕೊರಿಯರ್ ಖರ್ಚೂ ಹಂಚಿಹೋಗುತ್ತದೆ.