ಚಾರಣದ ಸ್ಪಿರಿಟ್ ಸ್ಟೌಗೆ ಯಾವ ಸ್ಪಿರಿಟ್ ಒಳ್ಳೆಯದು? ನಮ್ಮ ಅಂಗಡಿಗಳಲ್ಲಿ ಸಿಗುವವುಗಳ ವಿಮರ್ಶೆ

ಸ್ವೀಡನ್ನಿನ ಟ್ರಾಂಜಿಯಾ ಕಂಪನಿಯ ಮಾದರಿಯ ಹಿತ್ತಾಳೆ ಬರ್ನರ್ ಸುಮಾರು 110 ಗ್ರಾಂ ತೂಗುತ್ತದೆ. ಪಂಪ್ ಇಲ್ಲ, ವಾಲ್ವ್ ಇಲ್ಲ, ಕೆಟ್ಟುಹೋಗುವಂಥ ಭಾಗವೇ ಇಲ್ಲ. ಆದ್ದರಿಂದ ಚಹಾ ಹತ್ತು ನಿಮಿಷಕ್ಕೆ ಕುದಿಯುತ್ತದೋ, ಪಾತ್ರೆಯ ತಳ ಕರಿಯಾಗುತ್ತದೋ ಎನ್ನುವುದೆಲ್ಲ ಒಳಗೆ ಸುರಿಯುವ ಸ್ಪಿರಿಟ್ಟಿನ ಮೇಲೆ ನಿಂತಿದೆ. ಕರ್ನಾಟಕದ ಪೇಟೆಗಳಲ್ಲಿ ‘ಸ್ಪಿರಿಟ್’ ಎಂದು ಕೇಳಿದರೆ ಅಂಗಡಿಗೊಂದು ಬಗೆಯ ದ್ರವ ಕೈಗೆ ಬರುತ್ತದೆ. ಹೆಸರು ಕೇಳಿ ಕೊಳ್ಳಬೇಡಿ, ಲೇಬಲ್ ಓದಿ ಕೊಳ್ಳಿ.

ಮೊದಲ ಆಯ್ಕೆ ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್), ಶೇ 95 ಅಥವಾ ಅದಕ್ಕಿಂತ ಹೆಚ್ಚಿನದು. ಮರದ ಪಾಲಿಶ್‌ಗೆ ಅರಗು ಕರಗಿಸಲು ಬಳಸುವ ಡಿನೇಚರ್ಡ್ ಸ್ಪಿರಿಟ್ ಪೇಂಟ್ ಅಂಗಡಿಗಳಲ್ಲಿ ಸಿಗುತ್ತದೆ. ಅಬಕಾರಿ ನಿಯಮಗಳ ಅಡಿ ಬರುವುದರಿಂದ ಎಲ್ಲರೂ ಇಡುವುದಿಲ್ಲ. ಜ್ವಾಲೆ ನೀಲಿ, ತುದಿಯಲ್ಲಿ ತುಸು ಹಳದಿ, ವಾಸನೆ ಸಹಿಸುವಂಥದ್ದು. ಒಂದು ಮಿ.ಲೀ. ಎಥನಾಲ್‌ನಿಂದ ಸುಮಾರು 21 ಕಿಲೋಜೌಲ್ ಶಾಖ ಬರುತ್ತದೆ. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು 167 ಕಿಲೋಜೌಲ್ ಬೇಕು, ಎಂದರೆ ಲೆಕ್ಕಕ್ಕೆ 8 ಮಿ.ಲೀ. ಸಾಕು. ಆದರೆ ಅರ್ಧಕ್ಕೂ ಹೆಚ್ಚು ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುವುದರಿಂದ, ಗಾಳಿತಡೆ ಕಟ್ಟಿಕೊಂಡರೂ 18ರಿಂದ 20 ಮಿ.ಲೀ. ಹಿಡಿಯಿರಿ. ಕೆಮ್ಮಿನ ಔಷಧಿಯ 10 ಮಿ.ಲೀ. ಮುಚ್ಚಳದಲ್ಲಿ ಎರಡು ಸಲ ಅಳೆದರೆ ಆಯಿತು.

ಇಲ್ಲೊಂದು ಎಚ್ಚರಿಕೆ ಇದೆ. ಡಿನೇಚರ್ಡ್ ಎಂದರೆ ಕುಡಿಯದಂತೆ ಏನನ್ನಾದರೂ ಬೆರೆಸಿದ್ದು, ಆ ‘ಏನೋ’ ಬಹಳ ಸಲ ಮೆಥನಾಲ್ ಎಂಬ ವಿಷದ ಆಲ್ಕೋಹಾಲ್. ಲೇಬಲ್‌ನಲ್ಲಿ ಅದರ ಪ್ರಮಾಣ ಬರೆದಿಲ್ಲದ, ಕ್ಯಾನಿನಿಂದ ಬಗ್ಗಿಸಿ ಕೊಡುವ ಬಿಡಿ ಸ್ಪಿರಿಟ್ ಬೇಡವೇ ಬೇಡ.

ಎರಡನೆಯದು ಐಸೊಪ್ರೊಪೈಲ್ ಆಲ್ಕೋಹಾಲ್, ಜನರ ಬಾಯಲ್ಲಿ ಐಪಿಎ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವುದು ಇದನ್ನೇ. ಮಿ.ಲೀ.ಗೆ ಸುಮಾರು 24 ಕಿಲೋಜೌಲ್, ಎಥನಾಲ್, ಮೆಥನಾಲ್, ಐಪಿಎ ಮೂರರಲ್ಲಿ ಇದೇ ಹೆಚ್ಚು. ಆ ಅಂಕಿ ನೋಡಿ ಮೋಸಹೋಗುವವರೇ ಹೆಚ್ಚು. ಒಂದು ಅಣು ಪೂರ್ತಿ ಉರಿಯಲು ಮೆಥನಾಲ್‌ಗೆ ಒಂದೂವರೆ ಅಣು ಆಮ್ಲಜನಕ ಸಾಕು, ಎಥನಾಲ್‌ಗೆ ಮೂರು, ಐಪಿಎಗೆ ನಾಲ್ಕೂವರೆ. ಬರ್ನರ್‌ನ ರಂಧ್ರಗಳು ಎಥನಾಲ್‌ನ ಅಳತೆಗೆ ಕೊರೆದವು. ಗಾಳಿ ಸಾಲದೆ ಜ್ವಾಲೆ ಹಳದಿಗೆ ತಿರುಗುತ್ತದೆ, ತಣ್ಣಗಿನ ತಳಕ್ಕೆ ತಗುಲಿದ ಕಡೆ ಜಿಡ್ಡಿನಂಥ ಮಸಿ ಮೆತ್ತುತ್ತದೆ. ಅದು ಚೀಲದೊಳಗಿನ ಬಟ್ಟೆಗೆಲ್ಲ ಹತ್ತುತ್ತದೆ. ಬೇರೇನೂ ಸಿಗದಿದ್ದಾಗ ಮಾತ್ರ ಶೇ 99ರ ಐಪಿಎ ಕೊಳ್ಳಿ. ಪಾತ್ರೆಯನ್ನು ಬರ್ನರ್ ಬಾಯಿಯಿಂದ 4–5 ಸೆಂ.ಮೀ. ಎತ್ತರಿಸಿ, ಗಾಳಿತಡೆಯ ಬುಡದಲ್ಲಿ ಗಾಳಿ ನುಗ್ಗಲು ಜಾಗ ಬಿಡಿ. ಕುದಿಯಲು ಸ್ವಲ್ಪ ಹೆಚ್ಚು ಹೊತ್ತಾದರೂ ಮಸಿ ಕಡಿಮೆಯಾಗುತ್ತದೆ.

ನೀರು ಬೆರೆಸುವುದೂ ಮಸಿಗೆ ಮದ್ದು. ಸ್ಪಿರಿಟ್ಟಿಗೆ ಸುಮಾರು ಶೇ 10ರಷ್ಟು ನೀರು ಸೇರಿಸಲು ಟ್ರಾಂಜಿಯಾ ಕಂಪನಿಯೇ ಹೇಳುತ್ತದೆ. ಶೇ 95ರದ್ದರಲ್ಲಿ ಆಗಲೇ ನೀರಿದೆ, ಅದಕ್ಕೆ 100 ಮಿ.ಲೀ.ಗೆ 5 ಮಿ.ಲೀ. ಸಾಕು. ಚಳಿಯಿದ್ದಾಗ ಇದನ್ನು ಮಾಡಬೇಡಿ, ಹೊತ್ತಿಕೊಳ್ಳುವುದೇ ಕಷ್ಟವಾಗುತ್ತದೆ.

ಮೆಥನಾಲ್ ಚೆನ್ನಾಗಿ ಉರಿಯುತ್ತದೆ ಎನ್ನುವುದು ನಿಜ. ಮಸಿ ಇಲ್ಲ, ತಂಪಿನಲ್ಲೂ ಬೇಗ ಹೊತ್ತಿಕೊಳ್ಳುತ್ತದೆ. ಅಮೆರಿಕದ ಚಾರಣಿಗರು ಕಾರಿನ ಇಂಧನಕ್ಕೆ ಬೆರೆಸುವ ಹೀಟ್ ಎಂಬ ಹಳದಿ ಬಾಟಲಿಯನ್ನು ಇದಕ್ಕಾಗಿಯೇ ಕೊಳ್ಳುತ್ತಾರೆ. ಆದರೂ ಅದನ್ನು ಶಿಫಾರಸು ಮಾಡುವುದಿಲ್ಲ. ಮಿ.ಲೀ.ಗೆ 16 ಕಿಲೋಜೌಲ್ ಮಾತ್ರ, ಅಂದರೆ ಎಥನಾಲ್ 20 ಮಿ.ಲೀ. ಸಾಕಾಗುವ ಕಡೆ ಇದು 27 ಬೇಕು. ಹಗಲಲ್ಲಿ ಜ್ವಾಲೆ ಕಾಣುವುದೇ ಇಲ್ಲ, ಆರಿದೆ ಎಂದುಕೊಂಡು ಕೈ ಇಟ್ಟರೆ ಸುಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚರ್ಮದ ಮೂಲಕವೂ ಆವಿಯ ಮೂಲಕವೂ ಮೈಗೆ ಸೇರುತ್ತದೆ. 10 ಮಿ.ಲೀ. ಕುಡಿದರೂ ಕಣ್ಣು ಹೋಗಬಹುದು. ನೀರಿನ ಬಾಟಲಿಗಳ ಪಕ್ಕದಲ್ಲೇ ಇಂಧನದ ಬಾಟಲಿ ಇರುವ ಚೀಲದಲ್ಲಿ ಇಂಥದ್ದಕ್ಕೆ ಜಾಗವಿಲ್ಲ. ಯಾವ ಸ್ಪಿರಿಟ್ಟನ್ನೂ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಬೇರೆ ಆಕಾರದ ಬಾಟಲಿ ತೆಗೆದುಕೊಂಡು ಮೇಲೆ ದಪ್ಪಕ್ಷರದಲ್ಲಿ ‘ವಿಷ’ ಎಂದು ಬರೆಯಿರಿ.

ಸ್ಯಾನಿಟೈಸರ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಅದರಲ್ಲಿ ನೀರು ಬಹಳ. ಕೊನೆಕೊನೆಗೆ ಬರ್ನರ್‌ನಲ್ಲಿ ನೀರೇ ಉಳಿದು ಜ್ವಾಲೆ ಆರುತ್ತದೆ, ಗ್ಲಿಸರಿನ್ ಅಂಟು ತಳಕ್ಕೆ ಕೂರುತ್ತದೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ಗಳಲ್ಲಿ ಕೆಲವು ಎಥನಾಲ್, ಕೆಲವು ಐಪಿಎ. ಹರಳೆಣ್ಣೆ ಬೆರೆತ ಬಗೆಯೂ ಉಂಟು, ಅದು ರಂಧ್ರಗಳನ್ನು ಕಟ್ಟಿಸುತ್ತದೆ. ಥಿನ್ನರ್ ಕಡೆಗಂತೂ ತಿರುಗಿಯೂ ನೋಡಬೇಡಿ.

ಹೊಸ ಬಾಟಲಿ ತಂದಾಗ ಮನೆಯ ಹೊರಗೆ, ನೆರಳಿನಲ್ಲಿ ಒಂದು ಸ್ಟೀಲ್ ತಟ್ಟೆಗೆ 5 ಮಿ.ಲೀ. ಸುರಿದು ಬಾಟಲಿ ದೂರವಿಟ್ಟು ಕಡ್ಡಿ ಗೀರಿ. ನೀಲಿಯಾಗಿ ಉರಿದು ತಟ್ಟೆ ಬಹುತೇಕ ಒಣಗಿದರೆ ಸರಿ. ಹಳದಿಯಾಗಿ ಹೊಗೆ ಬಿಟ್ಟರೆ ಐಪಿಎ ಇರಬಹುದು. ಬಿಸಿ ತಾಗುತ್ತಿದ್ದರೂ ಜ್ವಾಲೆಯೇ ಕಾಣದಿದ್ದರೆ ಮೆಥನಾಲ್ ಎಂದು ಅನುಮಾನಿಸಿ ವಾಪಸ್ ಕೊಡಿ. ನೆರಳಿನಲ್ಲಿ ಮೆಥನಾಲ್ ಕೂಡ ನೀಲಿಯಾಗಿ ಉರಿಯಬಹುದು, ಆದ್ದರಿಂದ ಲೇಬಲ್ ಓದುವುದನ್ನು ಬಿಡಬೇಡಿ. ಚಮಚದಷ್ಟು ನೀರು ಉಳಿದರೆ ತೆಳುಮಾಡಿದ್ದು. ಅಂಟು ಉಳಿದರೆ ಸ್ಟೌಗೆ ಬೇಡ.

ಹತ್ತು ಡಿಗ್ರಿಗಿಂತ ಕೆಳಗೆ ಎಥನಾಲ್ ಕಡ್ಡಿಗೆ ಬೇಗ ಬಗ್ಗುವುದಿಲ್ಲ. ಬಾಟಲಿಯನ್ನು ಜಾಕೆಟ್ಟಿನೊಳಗೆ ಕಾಲು ಗಂಟೆ ಇಟ್ಟು ಬೆಚ್ಚಗೆ ಮಾಡಿ. ಉರಿಯುವ ಅಥವಾ ಬಿಸಿಯಿರುವ ಬರ್ನರ್‌ಗೆ ಮತ್ತೆ ಸುರಿಯುವುದೇ ಸುಟ್ಟಗಾಯಗಳಿಗೆ ದೊಡ್ಡ ಕಾರಣ, ಜ್ವಾಲೆ ಧಾರೆಯ ಹಿಂದೆಯೇ ಬಾಟಲಿಗೆ ಏರುತ್ತದೆ. ಬೆರಳಲ್ಲಿ ಮುಟ್ಟುವಷ್ಟು ತಣಿದ ಮೇಲೆಯೇ ಸುರಿಯಿರಿ. ರಬ್ಬರ್ ರಿಂಗ್ ಇರುವ ತಿರುಪಿನ ಮುಚ್ಚಳವನ್ನೂ ಆಗಲೇ ಹಾಕಿ, ಇಲ್ಲದಿದ್ದರೆ ರಿಂಗ್ ಕರಗಿ ಚೀಲದಲ್ಲಿ ಸೋರುತ್ತದೆ. ಟೆಂಟ್ ಒಳಗೆ ಹೊತ್ತಿಸಬೇಡಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಅರಣ್ಯ ಇಲಾಖೆ ಬೇಡವೆಂದ ಕಡೆ ಸ್ಟೌ ಹೊರಗೆ ತೆಗೆಯಲೇಬೇಡಿ, ಬೇಸಿಗೆಯ ಒಣಹುಲ್ಲಿಗೆ ಒಂದು ಹನಿ ಉರಿಯುವ ಸ್ಪಿರಿಟ್ ಸಾಕು.

ಹಿಮಾಲಯಕ್ಕೆ ಹೊರಟವರು ವಿಮಾನದಲ್ಲಾಗಲೀ ರೈಲಿನಲ್ಲಾಗಲೀ ಸ್ಪಿರಿಟ್ ಒಯ್ಯುವಂತಿಲ್ಲ. ಬರ್ನರನ್ನು ಸೋಪು ನೀರಿನಲ್ಲಿ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ ಖಾಲಿಯಾಗಿ ಒಯ್ಯಿರಿ. ಇಂಧನವನ್ನು ಚಾರಣ ಶುರುವಾಗುವ ಮೊದಲಿನ ದೊಡ್ಡ ಊರಿನ ಅಂಗಡಿಯಲ್ಲಿ ಲೇಬಲ್ ಓದಿ ಕೊಂಡು, ಅಲ್ಲಿಯೇ ತಟ್ಟೆಯ ಪರೀಕ್ಷೆ ಮುಗಿಸಿ ಮೇಲೆ ಹತ್ತಿ.