ಕಾರ್ಬನ್ ಪ್ರೋಬೋ, ಅಲ್ಯೂಮಿನಿಯಂ ಪ್ರೋಬೋ?

ಹಿಮಕುಸಿತ ಆಗುವ ಇಳಿಜಾರಿಗೆ ಹೋಗುವಾಗ ಮೈಮೇಲೆ ಬೀಕನ್ (ಹಿಮದಡಿ ಹೂತವರನ್ನು ಹುಡುಕೋಕೆ ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಬ್ಯಾಗಲ್ಲಿ ಸಲಿಕೆ ಮತ್ತು ಪ್ರೋಬ್ (ಹಿಮಕ್ಕೆ ಚುಚ್ಚಿ ಹೂತವರು ಎಲ್ಲಿದ್ದಾರೆ ಅಂತ ನೋಡುವ ಕೋಲು) ಇರಲೇಬೇಕು. ಬೀಕನ್ ಆರಿಸೋದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು ನಾನು. ಪ್ರೋಬ್ ಅಂದರೆ ಮಡಚುವ ಕೋಲು ತಾನೇ ಅಂತ ಸುಮ್ನೆ ಎಲ್ಲಕ್ಕಿಂತ ಹಗುರವಾದದ್ದು ಕೊಂಡೆ. 240 ಸೆಂ.ಮೀ. ಉದ್ದದ ಕಾರ್ಬನ್ ಫೈಬರ್‌ನದ್ದು. ದುಡ್ಡೂ ಜಾಸ್ತಿಯೇ ಕೊಟ್ಟೆ. ಈಗ ಅದು ಅಟ್ಟದ ಮೇಲಿದೆ. ಬ್ಯಾಗಲ್ಲಿರೋದು 300 ಸೆಂ.ಮೀ. ಅಲ್ಯೂಮಿನಿಯಂ.

ಕಾರಣ ಒಂದು ಗೋಲಿ ಗಾತ್ರದ ತಿರುಪು.

ಎರಡೂ ಪ್ರೋಬ್‌ಗಳ ತುಂಡುಗಳ ಒಳಗೆ ಒಂದು ದಾರ ಹೋಗುತ್ತದೆ. ಕೋಲನ್ನು ಮುಂದಕ್ಕೆ ಎಸೆದು ದಾರ ಎಳೆದರೆ ತುಂಡುಗಳು ಒಂದಕ್ಕೊಂದು ಕೂರುತ್ತವೆ. ಆಮೇಲೆ ದಾರ ಸಡಿಲವಾಗದ ಹಾಗೆ ಬಿಗಿ ಮಾಡಬೇಕು. ನನ್ನ ಕಾರ್ಬನ್‌ನಲ್ಲಿ ಅದಕ್ಕೆ ಒಂದು ಪುಟ್ಟ ತಿರುಪು ಇತ್ತು. ಹಿಂದಿನ ದಿನ ಒದ್ದೆ ಹಿಮದಲ್ಲಿ ಚುಚ್ಚಿ ನೋಡಿ, ಒರೆಸದೆ ಹಾಗೇ ಮಡಚಿಟ್ಟಿದ್ದೆ. ರಾತ್ರಿ ಟೆಂಟ್ ಹೊರಗೆ ತಿರುಪಿನ ಸಂದಿಯಲ್ಲಿದ್ದ ನೀರು ಮಂಜುಗಡ್ಡೆಯಾಗಿದೆ.

ಬೆಳಿಗ್ಗೆ ಅಭ್ಯಾಸ. ಗೆಳೆಯ ಒಂದು ಚೀಲದಲ್ಲಿ ಬೀಕನ್ ಇಟ್ಟು ಹೂತಿದ್ದ. ಹುಡುಕುತ್ತಾ ಹೋದೆ, ನನ್ನ ಬೀಕನ್ ದೂರ 1.2 ಮೀಟರ್ ಅಂತ ತೋರಿಸಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಪ್ರೋಬ್ ಎಸೆದು ದಾರ ಎಳೆದೆ. ತಿರುಪು ಅಲ್ಲಾಡಲಿಲ್ಲ. ಇರಲಿ ಅಂತ ಹಾಗೇ ಚುಚ್ಚಿದರೆ ಮೂರನೇ ಕೀಲಿನಲ್ಲಿ ಕೋಲು ಲೊಡಕ್ಕನೆ ಮಡಚಿಕೊಂಡಿತು. ಗ್ಲೌಸ್ ತೆಗೆದೆ, ಬಾಯಿಂದ ಹಬೆ ಊದಿದೆ, ಕೊನೆಗೆ ಹಲ್ಲಲ್ಲಿ ಕಚ್ಚಿ ತಿರುಗಿಸಿದೆ. "ಏನೋ ಮಾಡ್ತಿದೀಯಾ? ಕೆಳಗಡೆ ನಾನಿದ್ದಿದ್ರೆ ಕಥೆ ಮುಗೀತಿತ್ತು" ಅಂದ ಗೆಳೆಯ. ತಮಾಷೆಗೆ ಅಂದಿದ್ದಲ್ಲ. ಒಂದೂವರೆ ನಿಮಿಷ ಹೋಗಿತ್ತು. ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಕಳೆದ ಮೇಲೆ ಸರ್ರನೆ ಇಳಿಯುತ್ತದೆ. ಆ ಹೊತ್ತಿನಲ್ಲೇ ಹುಡುಕೋದೂ ಆಗಬೇಕು, ಅಗೆಯೋದೂ ಆಗಬೇಕು.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ದಿನವಿಡೀ ನಡೆದು ಬಂದ ಮೇಲೆ ಕೂತು ಕೋಲು ಒರೆಸುವ ಜಾತಿಯವನಲ್ಲ ನಾನು. ಅಲ್ಯೂಮಿನಿಯಂನದ್ದಕ್ಕೆ ತಿರುಪಿಲ್ಲ. ದಪ್ಪ ಹಿಡಿಕೆ ಎಳೆದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ, ಗ್ಲೌಸ್ ಹಾಕಿಕೊಂಡೇ ಆಗುತ್ತದೆ. ಬೇಕಂತಲೇ ನೆನೆಸಿ ರಾತ್ರಿ ಹೊರಗಿಟ್ಟು ನೋಡಿದೆ. ಸ್ವಲ್ಪ ಮುನಿಸಿಕೊಂಡಿತು, ಎರಡನೇ ಎಳೆತಕ್ಕೆ ಬಂತು.

ಇನ್ನೊಂದು ವಿಷಯ, ಬಾಗೋದು. ಕುಸಿದು ನಿಂತ ಹಿಮ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ನನ್ನ ತೆಳು ಕಾರ್ಬನ್ ಅದರಲ್ಲಿ ಬಿಲ್ಲಿನಂತೆ ಬಾಗುತ್ತಿತ್ತು. ಇಳಿಜಾರಿಗೆ ಲಂಬವಾಗಿ, 25 ಸೆಂ.ಮೀ.ಗೆ ಒಂದರಂತೆ ಸುರುಳಿಯಾಗಿ ಚುಚ್ಚುತ್ತಾ ಹೋಗುತ್ತೇವಲ್ಲ, ತುದಿ ಒಳಗೆ ಎಲ್ಲೋ ಪಕ್ಕಕ್ಕೆ ಹೋದರೆ ಆ ಲೆಕ್ಕವೆಲ್ಲ ಏನಾಯಿತು? ದಪ್ಪ ಅಲ್ಯೂಮಿನಿಯಂ ನೆಟ್ಟಗೆ ಇಳಿಯುತ್ತದೆ. ನೆಲ ತಗುಲಿದರೆ ಗಟ್ಟಿ ಸದ್ದು, ಚೀಲ ತಗುಲಿದರೆ ಮೆತ್ತಗೆ ವಾಪಸ್ ತಳ್ಳಿದ ಹಾಗೆ. ಈ ವ್ಯತ್ಯಾಸ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ನಿಧಾನಕ್ಕೆ ಇಳಿಸಿದರೆ ಬುಡದಲ್ಲಿರುವ ಸಕ್ಕರೆ ಹರಳಿನಂಥ ಸಡಿಲ ಪದರವೂ ಸಿಗುತ್ತದೆ, ಕೋಲು ಜರ್ರನೆ ಜಾರುತ್ತದೆ. ಹಾಗಂತ ಹಿಮ ಕುಸಿಯುವ ಅಪಾಯ ತಿಳಿಯೋಕೆ ಗುಂಡಿ ತೋಡಿ ಪದರ ನೋಡುವ ಕೆಲಸ ತಪ್ಪೋದಿಲ್ಲ.

ಉದ್ದ: 240 ಬಹುಪಾಲು ಸಾಕು. ಆದರೆ ಆಳಕ್ಕೆ ಚುಚ್ಚುವಾಗ ಬಗ್ಗಬೇಕು. 300 ಇದ್ದರೆ ನಿಂತೇ ಕೆಲಸ.

ತೂಕದಲ್ಲಿ ಕಾರ್ಬನ್ ಗೆದ್ದಿದೆ, ನನ್ನ ಎರಡರ ನಡುವೆ ಸುಮಾರು 100 ಗ್ರಾಂ. ಬರಿಗೈಗೆ ಅಷ್ಟು ತಣ್ಣಗೆ ಕೊರೆಯೋದೂ ಇಲ್ಲ. ಗ್ರಾಂ ಲೆಕ್ಕದಲ್ಲಿ ಓಡುವವರು, ಸಾಮಾನನ್ನು ದಿನವೂ ಒಣಗಿಸಿಡುವವರು ಅದನ್ನೇ ಕೊಳ್ಳಲಿ, ತಿರುಪು ಇಲ್ಲದ್ದನ್ನು ನೋಡಿ ಕೊಳ್ಳಲಿ. ನಾನು ಕುಡಿಯುವ ನೀರನ್ನೇ ಬೇಕಾದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ ಹೊರುವವನು, ನನಗೇಕೆ 100 ಗ್ರಾಂ ಚಿಂತೆ!

ಅಲ್ಯೂಮಿನಿಯಂ ಮೇಲೆ ಒಂದೇ ತಕರಾರು. ಸೆಂ.ಮೀ. ಗುರುತುಗಳ ಬಣ್ಣ ಒಂದೇ ಚಳಿಗಾಲಕ್ಕೆ ಎದ್ದು ಹೋಯಿತು. ಮಾರ್ಕರ್‌ನಲ್ಲಿ ನಾನೇ ಮತ್ತೆ ಬರೆದುಕೊಂಡಿದ್ದೇನೆ, 150ರ ಗೆರೆ ಸ್ವಲ್ಪ ಸೊಟ್ಟಗಿದೆ.